‘ಸಂಬಂಧಪಟ್ಟವರು’ ಅಂದರೆ ಯಾರು? ಮಂಗನ ಕಾಯಿಲೆ ಬಗ್ಗೆ ಬಂದ ಒಂದು ಪತ್ರಿಕಾ ಲೇಖನದ ಪ್ರಕರಣ ಅಧ್ಯಯನ

ದೀಪಾವಳಿ ಮುಗಿದು ಎರಡು ವಾರ ಆಗಿತ್ತು. ಊರಿಂದ ಅಕ್ಕ ಫೋನ್ ಮಾಡಿದರು. ಒಡಹುಟ್ಟಿದ ಅಕ್ಕ ಅಲ್ಲ, ನಮ್ಮೂರ ಹಾಲಿನ ಡೇರಿಯ ಕಾರ್ಯದರ್ಶಿ. ಶಾಲೆಯಲ್ಲಿ ನನಗಿಂತ ಐದು ಕ್ಲಾಸ್ ಮುಂದಿದ್ದವರು. ಊರು ಶರಾವತಿ ಹಿನ್ನೀರಿನ ಕಡೆ. ಇದಕ್ಕಿಂತ ಜಾಸ್ತಿ ಗುರುತು ಕೊಡಬೇಡ ಎಂದು ಅವರೇ ಹೇಳಿದ್ದಾರೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

‘ತಮ್ಮಾ, ಮಂಗನ ಕಾಯಿಲೆ ಬಗ್ಗೆ ಒಂದು ಲೇಖನ ಬರೆದಿದ್ದೆ. ಎರಡು ಪೇಪರಿಗೆ ಕಳಿಸಿದೆ. ಹಾಕಲೂ ಇಲ್ಲ, ಹಾಕಲ್ಲ ಅಂತ ಹೇಳಲೂ ಇಲ್ಲ. ನೀನು ಅದೇ ಕೆಲಸದಲ್ಲಿ ಇದ್ದವನಲ್ವಾ. ಎಲ್ಲಿ ತಪ್ಪಿದೆ ನೋಡು ಮಾರಾಯ.’

ಶಿವಮೊಗ್ಗದ ಒಂದು ಪತ್ರಿಕೆಯ ಡೆಸ್ಕ್‌ನಲ್ಲಿ ನಾನು 18 ವರ್ಷ ಇದ್ದೆ. ಹೊರಗಿನವರು ಕಳಿಸುವ ಲೇಖನಗಳೆಲ್ಲ ನನ್ನ ಮೇಜಿಗೇ ಬರುತ್ತಿದ್ದವು. ಹತ್ತು ಬಂದರೆ ಎಂಟು ವಾಪಸ್. ವಾಪಸ್ ಅನ್ನುವುದೂ ದೊಡ್ಡ ಮಾತು, ಸುಮ್ನೆ ಫೈಲಿನಲ್ಲಿ ಬಿದ್ದಿರುತ್ತಿದ್ದವು. ಬರೆದವರು ದಿನಾ ಪೇಪರ್ ತಿರುವಿ ಹಾಕುತ್ತಾ ಕಾಯುತ್ತಿರುತ್ತಾರೆ ಅನ್ನೋದು ಗೊತ್ತಿದ್ದೂ ಉತ್ತರ ಬರೆಯಲು ನಮಗೆ ಪುರಸೊತ್ತು ಇರುತ್ತಿರಲಿಲ್ಲ. ಅಕ್ಕನ ಫೋನ್ ಬಂದಾಗ ಆ ಹಳೇ ಸಾಲವೂ ಸ್ವಲ್ಪ ನೆನಪಾಯಿತು.

ಮೊದಲ ಕರಡು

ಮಗನ ಕೈಯಲ್ಲಿ ಟೈಪ್ ಮಾಡಿಸಿ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರು. ಹತ್ತಿರ ಹತ್ತಿರ 1,400 ಪದ. ತಲೆಬರಹ: ‘ಮಲೆನಾಡಿಗೆ ಮಾರಕವಾದ ಮಂಗನ ಕಾಯಿಲೆ: ಇನ್ನಾದರೂ ಎಚ್ಚೆತ್ತುಕೊಳ್ಳುವುದೇ ಸರ್ಕಾರ?’ ಮೊದಲ ಸಾಲು: ‘ಮಲೆನಾಡು ಎಂದರೆ ಥಟ್ಟನೆ ನೆನಪಾಗುವುದು ಹಸಿರು, ಮಳೆ, ಮಂಜು ಮತ್ತು ಅಡಿಕೆ ತೋಟ.’ ಈ ಸಾಲನ್ನು ಡೆಸ್ಕ್‌ನಲ್ಲಿ ನೂರು ಸಲ ಓದಿದ್ದೇನೆ. ಪ್ರತಿ ಸಲವೂ ಬರೆದವರು ಬೇರೆ.

ಆಮೇಲೆ ಮೂರು ಪ್ಯಾರಾ ಇತಿಹಾಸ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತಿದ್ದು, ಸುತ್ತಲ ಹಳ್ಳಿಯವರಿಗೆ ಜ್ವರ ಬಂದಿದ್ದು, ಹಳದಿ ಜ್ವರ ಭಾರತಕ್ಕೆ ಬಂದೇಬಿಟ್ಟಿತಾ ಎಂದು ತಜ್ಞರು ಹೆದರಿದ್ದು, ಕೊನೆಗೆ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಇದು ಹೊಸ ವೈರಸ್ ಎಂದು ಕಂಡುಹಿಡಿದಿದ್ದು. ಆ ಕಾಡಿನ ಹೆಸರನ್ನೇ ರೋಗಕ್ಕೆ ಇಟ್ಟು ಕ್ಯಾಸನೂರು ಫಾರೆಸ್ಟ್ ಡಿಸೀಸ್, ಚಿಕ್ಕದಾಗಿ ಕೆಎಫ್‌ಡಿ ಎಂದರು. ಮುಂದಿನ ಎರಡು ಪ್ಯಾರಾದಲ್ಲಿ ರೋಗ ಹರಡುವ ಬಗೆ. ಉಣುಗು, ಅಂದರೆ ಉಣ್ಣೆ ಹುಳ, ಕಚ್ಚಿದರೆ ಬರುತ್ತದೆ, ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ, ಕಚ್ಚಿದ ಮೂರರಿಂದ ಎಂಟು ದಿನಕ್ಕೆ ಜೋರು ಜ್ವರ, ತಲೆನೋವು, ಮೈಕೈ ನೋವು. ನೂರು ಜನಕ್ಕೆ ಬಂದರೆ ಮೂರರಿಂದ ಐದು ಜನ ಸಾಯಬಹುದು. ಇದಕ್ಕೇ ಅಂತ ಔಷಧಿ ಇಲ್ಲ, ಜ್ವರ ಮತ್ತು ರಕ್ತಸ್ರಾವ ನೋಡಿಕೊಂಡು ಚಿಕಿತ್ಸೆ ಕೊಡುತ್ತಾರೆ. 2019ರಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ಈ ಜ್ವರ ಹರಡಿ ಜನ ಅನುಭವಿಸಿದ್ದನ್ನೂ ಬರೆದಿದ್ದರು. ಎಲ್ಲ ಸರಿಯಾಗೇ ಇತ್ತು. ನಾನೇ ಬರೆದಿದ್ದರೂ ಇಷ್ಟು ಅಚ್ಚುಕಟ್ಟಾಗಿ ಬರೆಯುತ್ತಿದ್ದೆನೋ ಇಲ್ಲವೋ.

ಕೊನೆಯಲ್ಲಿ ಏಳು ಬೇಡಿಕೆ. ಹೊಸ ಲಸಿಕೆ ಬೇಗ ಬರಬೇಕು. ತಾಲೂಕು ಆಸ್ಪತ್ರೆಯಲ್ಲಿ ಐಸಿಯು ಬೇಕು. ಸತ್ತವರ ಮನೆಗೆ ಪರಿಹಾರ ಬೇಕು. ಸಂಶೋಧನಾ ಕೇಂದ್ರ ಬೇಕು. ಉಣುಗು ಕಚ್ಚದ ಹಾಗೆ ಮೈಗೆ ಹಚ್ಚಿಕೊಳ್ಳುವ ಡೇಪಾ ಎಣ್ಣೆ ಸಾಕಷ್ಟು ಕೊಡಬೇಕು. ಜಾಗೃತಿ ಶಿಬಿರ ಆಗಬೇಕು. ಸತ್ತ ಮಂಗದ ಬಗ್ಗೆ ತಿಳಿಸಿದರೆ ಬೇಗ ಬರಬೇಕು. ಕಟ್ಟಕಡೆಗೆ: ‘ಸಂಬಂಧಪಟ್ಟವರು ಕೂಡಲೇ ಇತ್ತ ಗಮನ ಹರಿಸಬೇಕು.’

ನಮ್ಮ ಪೇಪರುಗಳಲ್ಲಿ ಅತಿ ಜಾಸ್ತಿ ಸವೆದ ಮಾತು ಯಾವುದು ಎಂದು ಯಾರಾದರೂ ಕೇಳಿದರೆ ಕಣ್ಣು ಮುಚ್ಚಿ ‘ಸಂಬಂಧಪಟ್ಟವರು’ ಅನ್ನುತ್ತೇನೆ. ವಿಳಾಸ ಬರೆಯದೆ ಅಂಚೆ ಡಬ್ಬಿಗೆ ಹಾಕಿದ ಕಾಗದ ಅದು. ಓದಿದ ಪ್ರತಿಯೊಬ್ಬ ಅಧಿಕಾರಿಗೂ ಇದು ಪಕ್ಕದ ಕಚೇರಿಯವರಿಗೆ ಹೇಳಿದ್ದು ಅನಿಸುತ್ತದೆ. ಬರೆದವರಿಗೂ ಅದರಿಂದ ಒಂದು ಅನುಕೂಲ ಇದೆ. ಯಾರನ್ನು ಕೇಳಬೇಕು ಎಂದು ಹುಡುಕುವ ಕೆಲಸ ತಪ್ಪುತ್ತದೆ. ಅಕ್ಕನ ಲೇಖನ ಅಲ್ಲಿಯೇ ಕುಸಿದಿತ್ತು. ಮೊದಲ ಸಾಲಿನ ಮಂಜು, ಮಳೆ ಎಲ್ಲ ಆಮೇಲಿನ ಮಾತು.

ಡೇರಿ ಜಗುಲಿಯಲ್ಲಿ

ಭಾನುವಾರ ಊರಿಗೆ ಹೋದೆ. ಬೆಳಗಿನ ಹಾಲು ಮುಗಿಯುವವರೆಗೆ ಜಗುಲಿಯಲ್ಲಿ ಕೂತೆ. ಒಬ್ಬೊಬ್ಬರ ಹಾಲಿಗೂ ಲ್ಯಾಕ್ಟೋಮೀಟರ್ ಬಿಟ್ಟು, ನೋಡಿ, ರಿಜಿಸ್ಟರಿನಲ್ಲಿ ಬರೆದು, ಚೀಟಿ ಕೊಟ್ಟು ಕಳಿಸುತ್ತಿದ್ದರು. ಕ್ಯಾನುಗಳು ಗಾಡಿ ಹತ್ತಿದ ಮೇಲೆ ಚಹಾ ತಂದು ಕೂತರು.

‘ಅಕ್ಕ, ಏಳು ಕೇಳಿದ್ದೀರಿ. ಒಂದೇ ಸಿಗುತ್ತೆ ಅಂತ ಇಟ್ಕೊಳ್ಳಿ. ಯಾವುದು ಕೇಳ್ತೀರಿ?’

‘ಲಸಿಕೆ’ ಅಂದರು, ಯೋಚನೆಯನ್ನೂ ಮಾಡದೆ.

ಕಾರಣ ಇತ್ತು. ಅವರ ಮೈದುನನಿಗೆ ಈ ಜ್ವರ ಬಂದಿತ್ತು. ಮೂರು ವಾರ ಆಸ್ಪತ್ರೆಯಲ್ಲಿದ್ದು ಬದುಕಿ ಬಂದ. ಆದರೆ ಆ ವರ್ಷವೆಲ್ಲ ಅವನು ಅಡಿಕೆ ಕೊನೆ ಕೊಯ್ಲಿಗೆ ಮರ ಹತ್ತಲಿಲ್ಲ. ಹಳೆಯ ಲಸಿಕೆಯನ್ನು ಬೆಂಗಳೂರಿನ ಹೆಬ್ಬಾಳದಲ್ಲಿ ತಯಾರಿಸುತ್ತಿದ್ದರು. ಒಂದು ತಿಂಗಳ ಅಂತರದಲ್ಲಿ ಎರಡು ಡೋಸು, ಆಮೇಲೆ ಬೂಸ್ಟರು, ಮತ್ತೆ ವರ್ಷ ವರ್ಷವೂ ಚುಚ್ಚಿಸಿಕೊಳ್ಳಬೇಕಿತ್ತು. ಅದರ ಶಕ್ತಿ ಸಾಲದು ಅಂತ ಆಗಿ 2022ರ ಹೊತ್ತಿಗೆ ನಿಂತೇಹೋಯಿತು. ಹೊಸ ಲಸಿಕೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕಡೆಯಿಂದ ಕೆಲಸ ನಡೆಯುತ್ತಿದೆ.

‘ಹೊಸ ಲಸಿಕೆ ಯಾವಾಗ ಬರಬೇಕು ಅಂತ ತೀರ್ಮಾನ ಮಾಡೋರು ನಮ್ಮ ಜಿಲ್ಲೆಯಲ್ಲಿ ಯಾರಿದ್ದಾರೆ ಅಕ್ಕ? ಶಿವಮೊಗ್ಗ ಆವೃತ್ತಿ ಓದೋರಲ್ಲಿ ಒಬ್ಬರಾದ್ರೂ?’

ಸುಮ್ಮನಾದರು. ಆಮೇಲೆ ಸ್ವಲ್ಪ ಸಿಟ್ಟಿನಿಂದಲೇ, ‘ಹಾಗಾದ್ರೆ ನಾವು ಲಸಿಕೆ ಕೇಳಲೇಬಾರ್ದಾ?’ ಅಂದರು.

ಕೇಳಬೇಕು, ಆದರೆ ಬೇರೆ ಕಡೆ, ಬೇರೆ ದಿನ ಅಂದೆ. ಹೇಳುವಾಗ ನನ್ನ ದನಿ ಅಷ್ಟೇನೂ ಗಟ್ಟಿ ಇರಲಿಲ್ಲ. ಜನ ಸಾಯುವ ವಿಷಯದಲ್ಲಿ ‘ನಿಮ್ಮ ಕೈಗೆ ಎಟುಕುವುದನ್ನು ಮಾತ್ರ ಕೇಳಿ’ ಅನ್ನುವುದು ಸಣ್ಣತನದ ಹಾಗೆ ಕೇಳುತ್ತದೆ. ಆದರೂ 600 ಪದದ ಜಾಗದಲ್ಲಿ ಏಳು ಬೇಡಿಕೆ ಇಟ್ಟರೆ ಒಂದೊಂದಕ್ಕೆ ಸಿಗೋದು ಎರಡು ಸಾಲು. ಎರಡು ಸಾಲಿನಲ್ಲಿ ಬೇಡಿಕೆ ಮುಂದಿಡಬಹುದು, ಒಪ್ಪಿಸಲಿಕ್ಕೆ ಆಗುವುದಿಲ್ಲ.

ಹೀಗೆ ಎಳೆದಾಡುತ್ತಿರುವಾಗ ನಾನು ಸುಮ್ನೆ ಕೇಳಿದೆ: ‘ಹೋದ ವರ್ಷ ಇಲ್ಲಿ ಮಂಗ ಸತ್ತಿದ್ದು ಯಾವಾಗ?’ ಅಕ್ಕ ಹಾಲಿನ ರಿಜಿಸ್ಟರ್ ತೆಗೆದು ಹಿಂದಿನಿಂದ ತಿರುವಿದರು.

ಅಲ್ಲಿತ್ತು. ಕೊನೆಯ ಹಾಳೆಯಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದು ಐದು ಮನೆ ಮಾಡಿದ್ದರು. ಎಲ್ಲಿ ಕಂಡಿತು. ಕಂಡವರು ಯಾರು. ತಿಳಿಸಿದ್ದು ಯಾವತ್ತು. ಬಂದಿದ್ದು ಯಾವತ್ತು. ವರದಿ ಏನು. ಒಟ್ಟು ಐದು ಸಾಲು, ಐದು ಮಂಗ. ಒಂದು ಸಾಲು ಹೀಗಿತ್ತು: ‘ಹೊಳೆ ದಾರಿ ಹಲಸಿನ ಮರದ ಬುಡ. ಹಾಲಿನ ಹುಡುಗ. ಜನವರಿ 9. ಜನವರಿ 12, ವಾಸನೆ, ತೆಗೆದುಕೊಂಡು ಹೋಗಲಿಲ್ಲ.’ ಐದನೇ ಮನೆ, ‘ವರದಿ’, ಮೇಲಿಂದ ಕೆಳಗಿನವರೆಗೆ ಖಾಲಿ.

‘ಇದು ಯಾಕೆ ಲೇಖನದಲ್ಲಿ ಇಲ್ಲ?’

‘ಎಂತದ ಮಾರಾಯ, ಡೇರಿ ಪುಸ್ತಕ ಅದು. ಪೇಪರಿಗೆ ಎಂತ ಹಾಕೂದು ಅದನ್ನ?’

ಬೆಳಿಗ್ಗೆಯಾದರೆ ಇಡೀ ಊರು ಡೇರಿಗೆ ಬರುತ್ತದೆ. ಕಾಡಿನಲ್ಲಿ, ತೋಟದಲ್ಲಿ, ಸೊಪ್ಪಿನಬೆಟ್ಟದಲ್ಲಿ ಕಂಡಿದ್ದನ್ನೆಲ್ಲ ಅಲ್ಲಿ ಹೇಳುತ್ತದೆ. ಅಕ್ಕನಿಗೆ ದಿನಾಂಕ ಹಾಕಿ ಬರೆಯುವ ಅಭ್ಯಾಸ. 1957ರ ಕಥೆಯನ್ನು ಶಿವಮೊಗ್ಗದಲ್ಲಿ ಕೂತ ಯಾರು ಬೇಕಾದರೂ ಬರೆಯಬಹುದು. ಈ ಐದು ಸಾಲು ಬರೆಯಲು ಅವರೊಬ್ಬರಿಗೇ ಸಾಧ್ಯ. ಡೆಸ್ಕ್‌ನಲ್ಲಿದ್ದಾಗ ನಾನು ಹೊರಗಿನವರ ಲೇಖನದಲ್ಲಿ ಹುಡುಕುತ್ತಿದ್ದುದು ಇದನ್ನೇ. ಸಂಪಾದಕೀಯ ಬರೆಯಲು ಕಚೇರಿಯಲ್ಲಿ ಜನ ಇರುತ್ತಾರೆ. 1970ರ ಸೆಪ್ಟೆಂಬರ್ 21ರಂದು ನ್ಯೂಯಾರ್ಕ್ ಟೈಮ್ಸ್ ತನ್ನ ಸಂಪಾದಕೀಯದ ಎದುರಿನ ಪುಟದಲ್ಲಿ ಹೊರಗಿನವರ ಬರಹಕ್ಕೆ ಜಾಗ ಕೊಡಲು ಶುರು ಮಾಡಿತು. ಈಗ ‘ಆಪ್-ಎಡ್’ ಅನ್ನುವುದು ಅದಕ್ಕೇ. ಕಚೇರಿಯ ಒಳಗಿನವರಿಗೆ ಗೊತ್ತಿಲ್ಲದ್ದು ಹೊರಗಿನವರಿಗೆ ಗೊತ್ತಿರುತ್ತದೆ ಅನ್ನೋ ನಂಬಿಕೆ ಮೇಲೆ ನಿಂತ ಪುಟ ಅದು. ಹೊರಗಿನವರು ಬಂದು ಸಂಪಾದಕೀಯದ ಧಾಟಿಯಲ್ಲೇ ಬರೆದರೆ ಆ ಪುಟ ಯಾಕೆ ಬೇಕು?

ವಿಳಾಸ ಹುಡುಕಿದ್ದು

ಬೇಡಿಕೆ ಈಗ ತಾನಾಗಿ ಸಿಕ್ಕಿತು. ಏಳನೆಯದ್ದು. ಸತ್ತ ಮಂಗ ಕಂಡ ಸುದ್ದಿ ತಿಳಿಸಿದರೆ ಮರುದಿನದೊಳಗೆ ಯಾರಾದರೂ ಬರಬೇಕು, ಪರೀಕ್ಷೆಯಲ್ಲಿ ಏನು ಬಂತು ಎಂದು ಊರಿಗೆ ಹೇಳಬೇಕು.

ಇದು ಯಾಕೆ ದೊಡ್ಡದು ಅಂದರೆ, ಮಂಗ ಸತ್ತು ತಣ್ಣಗಾದ ಮೇಲೆ ಅದರ ಮೈಮೇಲಿನ ಉಣುಗುಗಳು ಇಳಿದು ಸುತ್ತಲಿನ ತರಗೆಲೆಗೆ ಸೇರುತ್ತವೆ. ಅದೇ ತರಗೆಲೆಯನ್ನು ನಾವು ದರಕು ಅಂತ ಗುಡಿಸಿ, ತಲೆ ಮೇಲೆ ಹೊತ್ತು ಕೊಟ್ಟಿಗೆಗೆ ತರುತ್ತೇವೆ. ಮಂಗ ಈ ರೋಗದಿಂದಲೇ ಸತ್ತಿದ್ದು ಎಂದು ಗೊತ್ತಾದರೆ ಆ ಜಾಗಕ್ಕೆ ಉಣುಗು ಕೊಲ್ಲುವ ಮೆಲಾಥಿಯಾನ್ ಪುಡಿ ಹೊಡೆಯಬಹುದು, ಆ ದಾರಿ ಬಿಡಿ ಅನ್ನಬಹುದು, ಎಣ್ಣೆ ಹಚ್ಚಿಕೊಳ್ಳದೆ ಹೋಗಬೇಡಿ ಅನ್ನಬಹುದು. ಗೊತ್ತಾಗದಿದ್ದರೆ ಏನೂ ಇಲ್ಲ.

ಕೇಳಬೇಕಾದ್ದು ಯಾರನ್ನು? ಇಲ್ಲಿ ನಮಗೆ ಒಂದು ವಾರ ಹಿಡಿಯಿತು. ಕಾಡು ನೋಡಿಕೊಳ್ಳುವವರು ಒಬ್ಬರು. ಸತ್ತ ಪ್ರಾಣಿ ಕೊಯ್ದು ಸ್ಯಾಂಪಲ್ ತೆಗೆಯುವವರು ಇನ್ನೊಬ್ಬರು. ಜನರ ಜ್ವರ ನೋಡುವವರು ಮತ್ತೊಬ್ಬರು. ಅಕ್ಕ ಮೂವರಿಗೂ ಫೋನ್ ಮಾಡುತ್ತಿದ್ದರು. ಮೂವರೂ ಮರ್ಯಾದೆಯಿಂದಲೇ ಮಾತಾಡುತ್ತಿದ್ದರು. ಪ್ರತಿಯೊಬ್ಬರೂ ಉಳಿದ ಇಬ್ಬರು ಬರಲಿ ಎಂದು ಕಾಯುತ್ತಿದ್ದರು. ಮೊದಲು ಹೊರಡಬೇಕಾದವರು ಯಾರು ಎಂದು ಊರಿನವರಿಗೆ ಯಾರೂ ಹೇಳಿರಲಿಲ್ಲ. ಮೂವರನ್ನೂ ಒಂದೇ ಮೇಜಿಗೆ ಕೂರಿಸಿ ಇದನ್ನು ತೀರ್ಮಾನಿಸುವ ಅಧಿಕಾರ ಇರುವುದು ಜಿಲ್ಲಾ ಮಟ್ಟದಲ್ಲಿ. ಅಂದರೆ ಆ ಮೇಜಿನ ತಲೆಯಲ್ಲಿ ಕೂರುವವರು ನಮ್ಮ ಓದುಗರು. ಉಳಿದ ಸಾವಿರಾರು ಓದುಗರು ಬೇಡ ಅಂತಲ್ಲ. ಅವರು ಓದಿದ್ದಾರೆ ಅನ್ನುವ ಕಾರಣಕ್ಕೇ ಇವರು ಓದುವುದು. ಆದರೆ ವಾಕ್ಯ ಕಟ್ಟುವಾಗ ಕಣ್ಣ ಮುಂದೆ ಇಟ್ಟುಕೊಂಡಿದ್ದು ಆ ಕುರ್ಚಿಯನ್ನು.

ಆ ಕುರ್ಚಿ ಕಣ್ಣ ಮುಂದೆ ಬಂದ ಕೂಡಲೇ ಎಷ್ಟೋ ಸಾಲು ತಾವಾಗೇ ಬಿದ್ದುಹೋದವು. ಕಾಯಿಲೆಯ ಲಕ್ಷಣ ಅವರಿಗೆ ಗೊತ್ತು. ಅರಳಗೋಡಿನ ಕಥೆಯೂ ಗೊತ್ತು. ಇತಿಹಾಸದಲ್ಲಿ ಒಂದೇ ವಾಕ್ಯ ಉಳಿಯಿತು: ‘1957ರಲ್ಲಿ ಕ್ಯಾಸನೂರಿನಲ್ಲಿ ಈ ರೋಗ ಜಗತ್ತಿಗೆ ಗೊತ್ತಾಗಿದ್ದೇ ಸತ್ತ ಮಂಗಗಳನ್ನು ಯಾರೋ ಗಮನಿಸಿದ್ದರಿಂದ.’ ಮೂರು ಪ್ಯಾರಾ ಇದ್ದಾಗ ಸುಮ್ನೆ ಕೂತಿದ್ದ ಇತಿಹಾಸ ಒಂದು ಸಾಲಾದ ಮೇಲೆ ಕೆಲಸಕ್ಕೆ ಬಂತು.

ಎದುರಿನವರ ಮಾತು

‘ಈಗ ನೀವು ಆ ಕುರ್ಚಿಯಲ್ಲಿ ಕೂತಿದ್ದೀರಿ. ಆಗಲ್ಲ ಅಂತ ಹೇಳಿ ನೋಡೋಣ’ ಅಂದೆ. ಅಕ್ಕನಿಗೆ ಈ ಆಟ ಇಷ್ಟವಾಯಿತು. ಡೇರಿ ಮೀಟಿಂಗ್‌ಗಳಲ್ಲಿ ಕೂತು ಅಭ್ಯಾಸ ಇದ್ದವರು. ದನಿ ಬದಲಿಸಿ ಶುರು ಮಾಡಿದರು: ‘ಸಿಬ್ಬಂದಿ ಇಲ್ಲಮ್ಮ. ಗಾಡಿ ಇಲ್ಲ. ನಿಮ್ಮೂರಿಗೆ ರಸ್ತೆ ಸರಿ ಇಲ್ಲ. ಜನ ಮರದಿಂದ ಬಿದ್ದು ಸತ್ತ ಮಂಗಕ್ಕೂ ಫೋನ್ ಮಾಡ್ತಾರೆ, ಕರೆಂಟ್ ಹೊಡೆದು ಸತ್ತ ಮಂಗಕ್ಕೂ ಫೋನ್ ಮಾಡ್ತಾರೆ. ಎಲ್ಲದಕ್ಕೂ ಓಡೋಕಾಗತ್ತಾ?’

ಇದರಲ್ಲಿ ಕೊನೆಯದು ನಿಜವಾದ ಆಕ್ಷೇಪ. ಐದು ಸಾಲಿನಲ್ಲಿ ಒಂದು ಮಂಗ ವಿದ್ಯುತ್ ತಂತಿ ತಗುಲಿ ಸತ್ತಿದ್ದು ಎಂದು ಅಕ್ಕನೇ ಪಕ್ಕದಲ್ಲಿ ಬರೆದಿದ್ದರು. ಅದನ್ನು ಲೇಖನದಲ್ಲಿ ಬಿಟ್ಟುಬಿಡೋಣ, ನಾಲ್ಕು ಅಂತ ಬರೆಯಿರಿ ಅಂದೆ. ವಾದ ಸಡಿಲ ಆಗುತ್ತದೆ ಎಂದು ನನ್ನ ಲೆಕ್ಕ. ಅಕ್ಕ ಒಪ್ಪಲಿಲ್ಲ. ‘ಐದು ಅಂದ್ರೆ ಐದು. ಹಾಲಿಗೆ ನೀರು ಬೆರೆಸಿದ್ರೆ ಬೆರೆಸಿದ್ದೀರಿ ಅಂತ ಬರೀತೀನಿ, ನನ್ನದು ಬೆರೆಸಬಹುದಾ?’ ಅವರು ಹೇಳಿದ್ದೇ ಸರಿ. ಅಚ್ಚಾದ ಲೇಖನದಲ್ಲಿ ‘ಐದರಲ್ಲಿ ಒಂದು ಕರೆಂಟ್ ಹೊಡೆದು ಸತ್ತಿದ್ದು, ಅದಕ್ಕೆ ಯಾರೂ ಓಡಿ ಬರಬೇಕಿಲ್ಲ’ ಎಂಬ ಸಾಲು ಇದೆ. ಇಡೀ ಲೇಖನವನ್ನು ನಂಬಬಹುದು ಅನಿಸುವುದು ಆ ಸಾಲಿನಿಂದ. 18 ವರ್ಷ ಡೆಸ್ಕ್‌ನಲ್ಲಿ ಕೂತು ನಾನು ಅದನ್ನೇ ಹೊಡೆದುಹಾಕಲು ಹೊರಟಿದ್ದೆ.

ಇನ್ನೊಂದು ಆಕ್ಷೇಪ ನಮಗಿಬ್ಬರಿಗೂ ಹೊಳೆದಿರಲಿಲ್ಲ. ಅಕ್ಕ ಪರಿಚಯದ ಒಬ್ಬ ಪಶುವೈದ್ಯರನ್ನು ಕೇಳಿದಾಗ ಅವರು ಹೇಳಿದರಂತೆ: ‘ಮೂರು ದಿನ ಆದ ಮೇಲೆ ಕರೆದ್ರೆ ನಾನು ಬಂದು ಏನ್ ಮಾಡ್ಲಿ? ಕೊಳೆತ ಮಂಗದಿಂದ ಏನೂ ಗೊತ್ತಾಗಲ್ಲ.’ ಬರದೇ ಇರಲಿಕ್ಕೆ ಇದೊಂದು ಕಾರಣ ಎಂದು ಅವರು ಹೇಳಿದ್ದು. ಅಕ್ಕ ಫೋನ್ ಇಟ್ಟು ಒಂದು ನಿಮಿಷ ಸುಮ್ಮನಿದ್ದು, ‘ಹೋಯ್, ಇದನ್ನೇ ಅಲ್ವಾ ನಾವು ಹೇಳಬೇಕಾದ್ದು?’ ಅಂದರು. ತಡವಾದರೆ ಸ್ಯಾಂಪಲ್ ಸಿಗುವುದಿಲ್ಲ. ಸ್ಯಾಂಪಲ್ ಇಲ್ಲದಿದ್ದರೆ ವರದಿ ಇಲ್ಲ. ವರದಿ ಇಲ್ಲದ ಕಡೆ ರೋಗ ಇದೆ ಎಂದು ಯಾರೂ ಹೇಳುವಂತಿಲ್ಲ. ಹಾಗಾಗಿ ಮುಂದಿನ ಸಲ ಅವಸರ ಮಾಡಲು ಯಾರಿಗೂ ಕಾರಣವೇ ಇರುವುದಿಲ್ಲ. ಬೆಕ್ಕು ತನ್ನ ಬಾಲ ತಾನೇ ಹಿಡಿಯಲು ಸುತ್ತಿದ ಹಾಗೆ. ಲೇಖನದ ಬೆನ್ನೆಲುಬು ಸಿಕ್ಕಿದ್ದು ಎದುರಿನವರ ನೆಪದೊಳಗೆ.

ಒಪ್ಪಿಸುವ ಬರವಣಿಗೆ ಎಂದರೆ ನಮ್ಮ ಕಡೆಯ ಕಾರಣಗಳನ್ನು ಗುಡ್ಡೆ ಹಾಕುವುದು ಎಂದು ತುಂಬಾ ಜನ ತಿಳಿದಿದ್ದಾರೆ. ಸಿಬ್ಬಂದಿ ಕಡಿಮೆ ಅನ್ನುವುದನ್ನೂ ಅಕ್ಕ ಬಿಡಲಿಲ್ಲ. ‘ಸಿಬ್ಬಂದಿ ಕಡಿಮೆ ಇರುವುದು ನಿಜ. ಅದಕ್ಕೇ ಮೂರು ಕಡೆಯಿಂದ ಮೂವರು ಮೂರು ದಿನ ಬಿಟ್ಟು ಬರುವ ಬದಲು ಒಬ್ಬರು ಮರುದಿನ ಬಂದರೆ ಸಾಕು ಎನ್ನುತ್ತಿದ್ದೇವೆ’ ಎಂದು ಬರೆದರು. ನಾನು ಒಂದು ಅಕ್ಷರ ಮುಟ್ಟಲಿಲ್ಲ.

ಸಿಟ್ಟು ಎಲ್ಲಿ ಹೋಯಿತು

ಮೊದಲ ಕರಡಿನಲ್ಲಿ ‘ನಿರ್ಲಕ್ಷ್ಯ’ ಆರು ಸಲ ಇತ್ತು. ‘ಗಾಢ ನಿದ್ದೆ’ ಎರಡು ಸಲ. ‘ಕಣ್ಣಿದ್ದೂ ಕುರುಡು’ ಒಂದು ಸಲ. ಎಲ್ಲ ತೆಗೆದೆವು. ಅಕ್ಕ ತಕರಾರು ಮಾಡಿದರು, ‘ಸಿಟ್ಟೇ ಇಲ್ಲ ಅಂದ್ರೆ ಯಾರು ಓದ್ತಾರೆ?’ ಎಂದು. ಆದರೆ ಸಿಟ್ಟು ಜನವರಿ 9 ಮತ್ತು ಜನವರಿ 12ರ ನಡುವೆ ಇತ್ತು. ಎರಡು ದಿನಾಂಕ ಪಕ್ಕಪಕ್ಕ ಇಟ್ಟರೆ ಓದುವವರಿಗೇ ಸಿಟ್ಟು ಬರುತ್ತದೆ. ನಾವು ಬೈದುಬಿಟ್ಟರೆ ಅವರಿಗೆ ಬೈಯಲು ಏನೂ ಉಳಿಯುವುದಿಲ್ಲ. ಇದರ ಜೊತೆಗೆ, ಜ್ವರದ ಕಾಲದಲ್ಲಿ ಗುಡ್ಡ ಹತ್ತಿ ಇಳಿದು ಮನೆ ಮನೆಗೆ ಎಣ್ಣೆ ಬಾಟ್ಲಿ ತಲುಪಿಸಿದ ಆರೋಗ್ಯ ಕಾರ್ಯಕರ್ತೆಯ ಬಗ್ಗೆ ಒಂದು ಸಾಲು ಬರೆದರು. ಹೊಗಳಿಕೆಗೆ ಅಂತಲ್ಲ. ಅವರ ಶ್ರಮ ವ್ಯರ್ಥ ಆಗುತ್ತಿದೆ ಎಂದು ತೋರಿಸಲು.

ಒಂದು ಎಚ್ಚರಿಕೆ ಮಾತ್ರ ನಾನು ಗಟ್ಟಿಯಾಗಿ ಹೇಳಿದೆ. ಕರಡಿನಲ್ಲಿ ‘ಮಂಗನಿಂದ ಹರಡುವ’ ಎಂದು ನಾಲ್ಕು ಕಡೆ ಇತ್ತು. ಹೆಸರೇ ಮಂಗನ ಕಾಯಿಲೆ ಅಂತ ಇರುವುದರಿಂದ ಕೈ ತಾನಾಗೇ ಹಾಗೆ ಬರೆಯುತ್ತದೆ. ನಮ್ಮ ಕಡೆ ಬಾಳೆ, ಏಲಕ್ಕಿ, ತೆಂಗು ಎಲ್ಲ ಹಾಳು ಮಾಡುತ್ತದೆ ಎಂದು ಮಂಗಗಳ ಮೇಲೆ ಜನಕ್ಕೆ ಮೊದಲೇ ಸಿಟ್ಟಿದೆ. ಇನ್ನು ಪೇಪರಿನಲ್ಲೂ ಹೀಗೆ ಬಂದರೆ ಕೋವಿ ತೆಗೆಯುವವರು ಇದ್ದಾರೆ. ಕಚ್ಚುವುದು ಉಣುಗು. ಮಂಗವೂ ಅದರಿಂದ ಸಾಯುತ್ತದೆ, ನಮಗಿಂತ ಮೊದಲು ಸಾಯುತ್ತದೆ, ಸತ್ತು ನಮಗೆ ಸೂಚನೆ ಕೊಡುತ್ತದೆ. ಆ ನಾಲ್ಕೂ ಕಡೆ ತಿದ್ದಿದೆವು.

ಮೊದಲ ಪ್ಯಾರಾವನ್ನು ಅಕ್ಕ ಕೊನೆಯಲ್ಲಿ ಬರೆದರು. ಅಚ್ಚಾಗಿದ್ದು ಹೀಗೆ:

‘ಹೋದ ಜನವರಿ 9ರ ಬೆಳಿಗ್ಗೆ ಹಾಲು ಹಾಕಲು ಬಂದ ಹುಡುಗ, ಹೊಳೆ ದಾರಿಯಲ್ಲಿ ಮಂಗ ಸತ್ತು ಬಿದ್ದಿದೆ ಎಂದ. ಡೇರಿ ರಿಜಿಸ್ಟರಿನ ಹಿಂದಿನ ಹಾಳೆಯಲ್ಲಿ ಬರೆದುಕೊಂಡೆ. ಆವತ್ತೇ ಮೂರು ಕಡೆ ಫೋನ್ ಮಾಡಿದೆ. ಬಂದಿದ್ದು 12ಕ್ಕೆ. ಅಷ್ಟರಲ್ಲಿ ಅದು ಕೊಳೆತಿತ್ತು. ಯಾವುದರಿಂದ ಸತ್ತಿತು ಎಂದು ನಮಗೆ ಇವತ್ತಿಗೂ ಗೊತ್ತಿಲ್ಲ. ಆ ತಿಂಗಳೆಲ್ಲ ನಾವು ಅದೇ ದಾರಿಯಲ್ಲಿ ದರಕು ಹೊತ್ತಿದ್ದೇವೆ.’

ಕೊನೆಯ ವಾಕ್ಯ ಓದಿ ನಾನು ಚಹಾ ಲೋಟ ಕೆಳಗಿಟ್ಟೆ. ‘ಆತಂಕ’, ‘ಭೀತಿ’ ಒಂದೂ ಇಲ್ಲ. ಆದರೂ ನನಗೇ ಹೆದರಿಕೆಯಾಯಿತು.

ಕಳಿಸುವ ದಿನ

ಇಲ್ಲೊಂದು ತೊಡಕು ಇತ್ತು. ಡೆಸ್ಕ್‌ನವರು ಮೊದಲು ಕೇಳುವುದು ‘ಈಗ ಯಾಕೆ?’ ಎಂದು. ಮಂಗನ ಕಾಯಿಲೆಯ ಲೇಖನಗಳು ಬರುವುದು ಯಾರಾದರೂ ಸತ್ತ ಮೇಲೆ, ಫೆಬ್ರವರಿ, ಮಾರ್ಚ್‌ನಲ್ಲಿ. ಆಗ ಕೇಳದೇ ಜಾಗ ಸಿಗುತ್ತದೆ. ಆದರೆ ಈ ಬೇಡಿಕೆ ಈಡೇರಬೇಕಾದ್ದು ಅದಕ್ಕೂ ಮೊದಲು. ಮಳೆ ಬಿಟ್ಟ ಮೇಲೆ ಮರಿ ಉಣುಗುಗಳು ಶುರುವಾಗುತ್ತವೆ, ಡಿಸೆಂಬರಿನಿಂದ ಮೇ ತನಕ ಜ್ವರದ ಕಾಲ. ಉಪಯೋಗಕ್ಕೆ ಬರುವ ತಿಂಗಳಲ್ಲಿ ಸುದ್ದಿ ಇರುವುದಿಲ್ಲ, ಸುದ್ದಿ ಇರುವ ತಿಂಗಳಲ್ಲಿ ಉಪಯೋಗ ಇರುವುದಿಲ್ಲ. ಮಲೆನಾಡಿನ ಎಷ್ಟೋ ವಿಷಯಕ್ಕೆ ಇದೇ ಹಣೆಬರಹ. ಹಳ್ಳ ದಾಟುವ ಕಾಲುಸಂಕದ ಬಗ್ಗೆ ಜುಲೈನಲ್ಲಿ ಬರೆಯುತ್ತೇವೆ, ಕಟ್ಟಬೇಕಾದ್ದು ಫೆಬ್ರವರಿಯಲ್ಲಿ.

ದಾರಿ ತೋರಿಸಿದ್ದು ಅಕ್ಕ. ‘ಕೊನೆ ಕೊಯ್ಲು ಶುರುವಾಗಿದೆ. ಇನ್ನು ಎರಡು ವಾರಕ್ಕೆ ದರಕಿಗೆ ಹೋಗ್ತೇವೆ. ಅದೇ ಅಲ್ವಾ ಕಾರಣ?’ ಎರಡನೇ ಪ್ಯಾರಾ ಹಾಗೆ ಶುರುವಾಯಿತು: ‘ಇನ್ನು ಎರಡು ವಾರದಲ್ಲಿ ನಮ್ಮೂರಿನ ಹೆಂಗಸರು ದರಕು ಗುಡಿಸಲು ಬೆಟ್ಟಕ್ಕೆ ಹೋಗುತ್ತಾರೆ.’ ‘ಈಗ ಯಾಕೆ’ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಉಳಿದಿದ್ದು ಸಣ್ಣ ಕೆಲಸ. 580 ಪದಕ್ಕೆ ಇಳಿಸಿದೆವು. ಯೂನಿಕೋಡ್‌ನಲ್ಲಿ ಟೈಪ್ ಮಾಡಿಸಿದೆವು. ಹಿಂದೆ ಕಳಿಸಿದ್ದು ನುಡಿ ಫಾಂಟಿನಲ್ಲಿತ್ತು, ಆ ಕಡೆ ತೆರೆದಾಗ ಬರೀ ಗೀಚು ಕಂಡಿರಲೂ ಸಾಕು. ಮೇಲ್‌ನಲ್ಲಿ ಮೂರೇ ಸಾಲು: ನಾನು ಯಾರು, ಏನು ಕೇಳುತ್ತಿದ್ದೇನೆ, ಬೇರೆ ಎಲ್ಲೂ ಕಳಿಸಿಲ್ಲ. ಜೊತೆಗೆ ರಿಜಿಸ್ಟರಿನ ಹಾಳೆಯ ಫೋಟೊ. ಎರಡು ಪೇಪರಿಗೆ ಒಟ್ಟಿಗೆ ಕಳಿಸುವುದು ಬೇಡ ಎಂದೆ. ಎರಡರಲ್ಲೂ ಒಂದೇ ದಿನ ಬಂದುಬಿಟ್ಟರೆ ಮುಂದೆ ಎರಡೂ ಕಡೆ ಬಾಗಿಲು ಮುಚ್ಚುತ್ತದೆ.

ಕಳಿಸುವ ಮೊದಲು ಅಕ್ಕ ಒಂದು ಪ್ರಶ್ನೆ ಕೇಳಿದರು. ‘ಇದನ್ನ ಓದಿ ಯಾರಾದ್ರೂ ಮನಸ್ಸು ಬದಲಿಸ್ತಾರಾ?’ 2018ರಲ್ಲಿ ಅಮೆರಿಕದ ಮೂವರು ಸಂಶೋಧಕರು ಇದನ್ನೇ ಪರೀಕ್ಷೆ ಮಾಡಿ ಪ್ರಕಟಿಸಿದ್ದರು. ಸಾವಿರಾರು ಜನರಲ್ಲಿ ಕೆಲವರಿಗೆ ಅಭಿಪ್ರಾಯ ಲೇಖನ ಓದಿಸಿ, ಕೆಲವರಿಗೆ ಓದಿಸದೆ ಹೋಲಿಸಿ ನೋಡಿದರು. ಓದಿದವರ ಅಭಿಪ್ರಾಯ ಲೇಖನದ ಕಡೆಗೆ ಸರಿದಿತ್ತು, ಒಂದು ತಿಂಗಳ ಮೇಲೂ ಪೂರ್ತಿ ಹಿಂದೆ ಹೋಗಿರಲಿಲ್ಲ. ಹೇಳಿದೆ. ಅಕ್ಕನಿಗೆ ಅಷ್ಟು ಸಾಕಾಗಲಿಲ್ಲ. ‘ಅಮೆರಿಕದವರು ಪುರಸೊತ್ತಾಗಿ ಓದ್ತಾರೆ ಬಿಡು’ ಅಂದರು.

ಆಮೇಲೆ

ಎಂಟನೇ ದಿನ ಬಂತು. ತಲೆಬರಹ ಡೆಸ್ಕ್‌ನವರು ಬದಲಿಸಿದ್ದರು, ನಾವು ಕೊಟ್ಟಿದ್ದಕ್ಕಿಂತ ಚೆನ್ನಾಗಿತ್ತು. ಒಂದು ಪ್ಯಾರಾ ಕತ್ತರಿಸಿದ್ದರು. ಅದು ನನ್ನ ಕೈಯಿಂದ ಸೇರಿದ ಪ್ಯಾರಾ, ಹೋಗಿದ್ದು ಗೊತ್ತೇ ಆಗಲಿಲ್ಲ.

ಊರಿನ ಹೆಸರು ಎಲ್ಲೂ ಇರಲಿಲ್ಲ. ಆದರೆ ಡೇರಿ, ಹೊಳೆ ದಾರಿ, ಹಲಸಿನ ಮರ ಅಂದರೆ ಸುತ್ತಲಿನವರಿಗೆ ಗೊತ್ತಾಗದೆ ಇರುತ್ತದಾ? ಪಕ್ಕದ ಹೋಂಸ್ಟೇ ನಡೆಸುವವರು ಡೇರಿಗೇ ಬಂದು ಜಗಳ ಮಾಡಿದರು. ಎರಡು ಬುಕಿಂಗ್ ಕ್ಯಾನ್ಸಲ್ ಆಗಿತ್ತಂತೆ. ‘ಊರಿನ ಹೆಸರು ಕೆಡಿಸಿದ್ರಿ, ಇನ್ನು ನಮ್ಮ ಹುಡುಗರಿಗೆ ಹೆಣ್ಣು ಕೊಡೋರು ಯಾರು?’ ಎಂದು ಇನ್ನೊಬ್ಬರು ಕೇಳಿದರು. ಈ ಪ್ರಶ್ನೆಗೆ ಲೇಖನದಲ್ಲಿ ಉತ್ತರ ಇರಲಿಲ್ಲ. ಎದುರಿನವರ ಮಾತು ಹುಡುಕುವಾಗ ಇಬ್ಬರೂ ಶಿವಮೊಗ್ಗದ ಕುರ್ಚಿಯನ್ನಷ್ಟೇ ನೋಡಿದ್ದೆವು, ಪಕ್ಕದ ಮನೆಯ ಜಗುಲಿ ನೋಡಿರಲಿಲ್ಲ. ಈ ತಪ್ಪಿನಲ್ಲಿ ನನ್ನ ಪಾಲೇ ಜಾಸ್ತಿ. ಇಲ್ಲಿ ಊರಿನ ಗುರುತು ಬೇಡ ಎಂದು ಅಕ್ಕ ಹೇಳಿದ್ದು ಇದಕ್ಕೇ.

ಜನವರಿ ಮೊದಲ ವಾರ ಡೇರಿ ಗೋಡೆಗೆ ಒಂದು ಕಾಗದ ಅಂಟಿಸಿ ಹೋದರು. ಸತ್ತ ಮಂಗ ಕಂಡರೆ ಮುಟ್ಟಬೇಡಿ, ಈ ನಂಬರಿಗೆ ತಿಳಿಸಿ ಎಂದು. ಒಂದೇ ನಂಬರ್. ಲೇಖನದಿಂದ ಬಂತೋ, ಮೊದಲೇ ತೀರ್ಮಾನ ಆಗಿತ್ತೋ ಗೊತ್ತಿಲ್ಲ. ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಫೆಬ್ರವರಿಯಲ್ಲಿ ಮತ್ತೆ ಊರಿಗೆ ಹೋದಾಗ ಅಕ್ಕ ರಿಜಿಸ್ಟರ್ ತಿರುವಿ ತೋರಿಸಿದರು. ಹೊಸ ಹಾಳೆ, ಹೊಸ ಗೆರೆ, ಒಂದೇ ಸಾಲು. ‘ಮೇಲಿನ ಕೇರಿ ಬಾವಿ ಹತ್ತಿರ. ತಿಳಿಸಿದ್ದು 3. ಬಂದಿದ್ದು 4, ತೆಗೆದುಕೊಂಡು ಹೋದರು.’ ಐದನೇ ಮನೆ ಖಾಲಿ. ಎರಡು ವಾರ ಆಗಿತ್ತು.

‘ಇದಕ್ಕೆ ಸಂಬಂಧಪಟ್ಟವರು ಯಾರು?’ ಎಂದು ಕೇಳಿದರು, ಆ ಪದವನ್ನು ಸ್ವಲ್ಪ ಎಳೆದು. ನನಗೆ ಗೊತ್ತಿರಲಿಲ್ಲ. ಸ್ಯಾಂಪಲ್ ಶಿವಮೊಗ್ಗದ ಲ್ಯಾಬಿಗೆ ಹೋಗಿರಬಹುದು, ಅಲ್ಲಿಂದ ಕಾಗದ ಯಾವ ಮೇಜಿಗೆ ಬರುತ್ತದೆ, ಪಂಚಾಯ್ತಿಗೆ ಯಾರು ಕಳಿಸಬೇಕು, ಒಂದೂ ಗೊತ್ತಿರಲಿಲ್ಲ. ‘ಸೋಮವಾರ ಹೋಗಿ ಕೇಳ್ಕೊಂಡು ಬರ್ತೀನಿ’ ಅಂದರು. ಅಷ್ಟರಲ್ಲಿ ಹಾಲಿನ ಗಾಡಿ ಹಾರ್ನ್ ಮಾಡಿತು. ರಿಜಿಸ್ಟರ್ ಮುಚ್ಚಿ ಎದ್ದರು.